ಹೊಸ್ತಿಲ ಮುಂದೆ ಕಾಲು ನಿಂತುಬಿಟ್ಟಾಗ

ಮೊದಲ ಸಲ ನಾನು ಬಿದ್ದದ್ದು ದೇವರ ಮನೆ ಹೊಸ್ತಿಲಲ್ಲಿ. ಕೈಯಲ್ಲಿ ಹೂವಿನ ಬುಟ್ಟಿ ಇತ್ತು. ಒಳಗೆ ಹೋಗಲು ಮೈ ಮುಂದಕ್ಕೆ ಬಾಗಿತು, ಪಾದ ಮಾತ್ರ ನೆಲಕ್ಕೆ ಅಂಟಿಸಿದ ಹಾಗೆ ಅಲ್ಲೇ ಉಳಿಯಿತು. ನೋಡುವಷ್ಟರಲ್ಲಿ ಮೊಣಕೈ ಬಾಗಿಲಿಗೆ ಬಡಿದಿತ್ತು. ಎಡವಿದ್ದಲ್ಲ, ಜಾರಿದ್ದೂ ಅಲ್ಲ. "ನೋಡ್ಕೊಂಡು ನಡೀಬಾರದೇನೇ" ಅಂದರು ನಮ್ಮ ಮನೆಯವರು. ನಾನು ನೋಡಿಕೊಂಡೇ ನಡೆಯುತ್ತಿದ್ದೆ.

ಪಾರ್ಕಿನ್ಸನ್ ಅಂತ ಗೊತ್ತಾಗಿ ಆಗ 6 ವರ್ಷ ಆಗಿತ್ತು. ಕೈ ನಡುಕ, ಸಣ್ಣಗಾದ ಅಕ್ಷರ, ಇದಕ್ಕೆಲ್ಲ ಹೊಂದಿಕೊಂಡಿದ್ದೆ. ಬೀಳುವುದು ಹೊಸದು. ಡಾಕ್ಟರು ಹೇಳಿದ ಮೇಲೆ ಅರ್ಥವಾಯಿತು. ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಕಡಿಮೆಯಾದಾಗ, ನಾವು ಯೋಚನೆಯೇ ಮಾಡದೆ ತನ್ನಷ್ಟಕ್ಕೆ ಆಗುತ್ತಿದ್ದ ಕೆಲಸಗಳು ಕೆಡುತ್ತವೆ, ನಡಿಗೆಯೂ ಅಂಥದ್ದೇ. ಕಾಲು ಹೀಗೆ ನಿಂತುಬಿಡುವುದಕ್ಕೆ ಫ್ರೀಜಿಂಗ್ ಅಂತಾರೆ. ಬಾಗಿಲು, ಇಕ್ಕಟ್ಟಾದ ಜಾಗ, ತಿರುಗುವ ಹೊತ್ತು, ಯಾರಾದರೂ ಅವಸರ ಮಾಡಿದಾಗ ಇದು ಜಾಸ್ತಿ. ಆದರೆ ಗಮನವಿಟ್ಟು, ಬೇಕೆಂದೇ ಇಟ್ಟ ಹೆಜ್ಜೆ ಎಷ್ಟೋ ಸಲ ಬರುತ್ತದೆ.

ಅದು ನನಗೆ ಮನವರಿಕೆಯಾದದ್ದು ರಂಗೋಲಿಯಿಂದ. ಮುಂಬಾಗಿಲಿನಲ್ಲಿ ನಾನು ಯಾವತ್ತೂ ನಿಂತವಳಲ್ಲ, ದೇವರ ಮನೆ, ಬಚ್ಚಲು ಮನೆ ಬಾಗಿಲಲ್ಲಿ ಮಾತ್ರ ನಿಲ್ಲುತ್ತಿದ್ದೆ. ಯಾಕೆ ಅಂತ ಫಿಸಿಯೋಥೆರಪಿ ಹುಡುಗಿಯನ್ನು ಕೇಳಿದಾಗ ಅವಳು ಮುಂಬಾಗಿಲಿಗೇ ಬಂದು ನೆಲ ನೋಡಿದಳು. "ಆಂಟಿ, ಇಲ್ಲಿ ಗೆರೆ ಇದೆ. ನೀವು ಗೆರೆ ದಾಟ್ತಿದೀರಿ" ಅಂದಳು. ನಿಜ, ಹೊಸ್ತಿಲ ಉದ್ದಕ್ಕೂ ನಾನೇ ಬೆಳಿಗ್ಗೆ ಎಳೆದ ಎರಡು ಬಿಳಿ ಎಳೆ. ಕಣ್ಣಿಗೆ ಒಂದು ಗೆರೆ ಸಿಕ್ಕರೆ ಕಾಲು ಏಳುತ್ತದೆ.

ಅವತ್ತೇ ಎಲೆಕ್ಟ್ರಿಕ್ ಅಂಗಡಿಯಿಂದ ಹಳದಿ ಟೇಪು ತರಿಸಿದೆವು. ನಡುಮನೆಯಿಂದ ಬಚ್ಚಲಿನವರೆಗೆ, ನಾನು ನಡೆಯುವ ದಾರಿಗೆ ಅಡ್ಡವಾಗಿ ಪಟ್ಟಿ ಅಂಟಿಸಿದೆವು. ಕೆಂಪು ನೆಲದ ಮೇಲೆ ಹಳದಿ ಚೆನ್ನಾಗಿ ಕಾಣುತ್ತದೆ. ಮೊದಲು ಗೇಣಿಗೊಂದು ಅಂಟಿಸಿದ್ದು ತಪ್ಪಾಯಿತು. ಹೆಜ್ಜೆ ಇನ್ನೂ ಚಿಕ್ಕದಾಗಿ, ಕಾಲು ಎಳೆದುಕೊಂಡು ಓಡುವ ಹಾಗಾಯಿತು. ಎಲ್ಲ ಕಿತ್ತು ಮೊಳಕ್ಕೊಂದರಂತೆ ಹಾಕಿದ ಮೇಲೆ ಸರಿಹೋಯಿತು. ನಿಮ್ಮ ಹೆಜ್ಜೆ ನೋಡಿ ಅಳತೆ ಇಟ್ಟುಕೊಳ್ಳಿ.

ಗೆರೆ ಇಲ್ಲದ ಕಡೆ ತಾಳ. ಚಿಕ್ಕವಳಿದ್ದಾಗ ಸ್ವಲ್ಪ ಸಂಗೀತ ಕಲಿತಿದ್ದೆ. ಕಾಲು ನಿಂತರೆ ನಾನೂ ಪೂರ್ತಿ ನಿಲ್ಲುತ್ತೇನೆ, ಒತ್ತಾಯ ಮಾಡುವುದಿಲ್ಲ. ಉಸಿರು ಬಿಟ್ಟು, ಭಾರವನ್ನು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ತೂಗಿ, ಮನಸ್ಸಿನಲ್ಲಿ "ತಕಧಿಮಿ" ಅಂದುಕೊಂಡು ಹಿಮ್ಮಡಿ ಮೊದಲು ಊರುವ ಹಾಗೆ ಒಂದು ದೊಡ್ಡ ಹೆಜ್ಜೆ. ನಡೆಯುವಾಗ ಮಾತಿಲ್ಲ. ಮಾತಾಡಬೇಕೆಂದರೆ ನಿಂತು ಮಾತಾಡುತ್ತೇನೆ. ಕೈಯಲ್ಲಿ ಕಾಫಿ ಲೋಟ ಹಿಡಿದು ನಡೆಯುವುದನ್ನೂ ಬಿಟ್ಟೆ.

ಎಲ್ಲಕ್ಕಿಂತ ಕಷ್ಟವಾದದ್ದು ಮನೆಯವರಿಗೆ ಕಲಿಸುವುದು. ನಾನು ನಿಂತ ತಕ್ಷಣ ಅವರು ಪ್ರೀತಿಯಿಂದಲೇ ಕೈ ಹಿಡಿದು ಎಳೆಯುತ್ತಿದ್ದರು. ಎಳೆದಾಗ ಮೈ ಮುಂದೆ ಹೋಗುತ್ತದೆ, ಪಾದ ಬರುವುದಿಲ್ಲ, ಬೀಳುವುದೇ ಹಾಗೆ. ಹಿಂದಿನಿಂದ "ಬೇಗ ಬಾರೇ" ಅಂದರಂತೂ ಮುಗಿಯಿತು. "ರೀ, ಸುಮ್ನೆ ಪಕ್ಕದಲ್ಲಿ ನಿಲ್ಲಿ, ನಾನು ನಿಮ್ಮ ತೋಳು ಹಿಡ್ಕೋತೀನಿ, ನೀವು ನನ್ನ ಹಿಡೀಬೇಡಿ" ಅಂತ ಎಷ್ಟು ಸಲ ಹೇಳಿದೆನೋ. ಕಾಲಿಂಗ್ ಬೆಲ್ ಆದರೆ ಈಗ ಅವರೇ ಕೂಗುತ್ತಾರೆ, "ಬರ್ತಿದಾರೆ, ನಿಲ್ಲಿ" ಅಂತ.

ಎರಡನೇ ದೊಡ್ಡ ತೊಂದರೆ ತಿರುಗುವುದು. ಒಲೆಯಿಂದ ಸಿಂಕಿಗೆ ಗಕ್ಕನೆ ತಿರುಗಿದರೆ ಕಾಲಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಜಾಗ ಇರುವ ಕಡೆ ಅರ್ಧ ಸುತ್ತು ನಡೆದೇ ತಿರುಗುತ್ತೇನೆ. ಅಡುಗೆಮನೆಯಲ್ಲಿ ಜಾಗವಿಲ್ಲ, ಅಲ್ಲಿ ಕಟ್ಟೆ ಹಿಡಿದು ಪಕ್ಕಕ್ಕೆ ಹೆಜ್ಜೆ ಇಡುತ್ತೇನೆ. ಫ್ರಿಜ್ ಮತ್ತು ಬೀರು ಬಾಗಿಲು ಎಳೆಯುವಾಗ ಎರಡು ಸಲ ಬೆನ್ನ ಹಿಂದಕ್ಕೆ ಬಿದ್ದಿದ್ದೇನೆ. ಈಗ ಬಾಗಿಲ ಪಕ್ಕಕ್ಕೆ ನಿಂತು, ಒಂದು ಕಾಲು ಮುಂದಿಟ್ಟು ತೆಗೆಯುತ್ತೇನೆ.

ಬಿದ್ದ ದಿನ, ಹೊತ್ತು, ಜಾಗ ಒಂದು ಡೈರಿಯಲ್ಲಿ ಬರೆಯುತ್ತಾ ಬಂದೆ. ದಯವಿಟ್ಟು ನೀವೂ ಬರೆಯಿರಿ. 8 ಸಲದಲ್ಲಿ 5 ಸಲ ಮಾತ್ರೆಯ ಹೊತ್ತಿಗೆ ಮುಂಚೆ, ಹಿಂದಿನ ಡೋಸ್ ಇಳಿಯುವಾಗ ಬಿದ್ದಿದ್ದೆ. ಅದನ್ನು ನೋಡಿ ಡಾಕ್ಟರು ಲೆವೊಡೋಪಾ, ಅಂದರೆ ಡೋಪಮಿನ್ ಕೊರತೆ ತುಂಬುವ ಮಾತ್ರೆಯ ಸಮಯ ಬದಲಿಸಿದರು. ಕಾಳು, ಮೊಸರಿನ ಜೊತೆ ತಗೊಂಡರೆ ಪ್ರೋಟೀನು ಮಾತ್ರೆಗೆ ಅಡ್ಡ ಬರಬಹುದು ಅಂತ ಊಟಕ್ಕೆ ಅರ್ಧ ಗಂಟೆ ಮೊದಲು ತಗೊಳ್ಳಲು ಹೇಳಿದರು. ನೀವಾಗಿಯೇ ಬದಲಾಯಿಸಬೇಡಿ, ಕೇಳಿ ಮಾಡಿ. ಉಳಿದವುಗಳಲ್ಲಿ ಎರಡು, ರಾತ್ರಿ ಬಚ್ಚಲಿಗೆ ಏಳುವಾಗ. ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿದರೆ, ನಿಂತಾಗ ಮೇಲಿನ ಅಂಕಿ 20ಕ್ಕಿಂತ ಜಾಸ್ತಿ ಇಳಿಯುತ್ತಿತ್ತು. ಈ ಕಾಯಿಲೆಯಲ್ಲೂ ಇಳಿಯುತ್ತದೆ, ಅದರ ಮಾತ್ರೆಯಿಂದಲೂ ಇಳಿಯುತ್ತದೆ. ಈಗ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ ಆಮೇಲೆ ಏಳುತ್ತೇನೆ.

ಕಾಲೊರಸು, ಹವಾಯಿ ಚಪ್ಪಲಿ ಎರಡನ್ನೂ ತೆಗೆಸಿದೆ. ಸೀರೆ ಕಣಕಾಲಿಗಿಂತ ಸ್ವಲ್ಪ ಮೇಲೆ. ಬಚ್ಚಲಲ್ಲಿ ಹಿಡಿಯಲು ಗೋಡೆಗೆ ಬಿಗಿದ ಸ್ಟೀಲ್ ರಾಡು, ಟವೆಲ್ ರಾಡು ಭಾರ ತಡೆಯುವುದಿಲ್ಲ.

ಇಷ್ಟಾದರೂ ಬೀಳುತ್ತೇನೆ, ಮೊದಲಿಗಿಂತ ಕಡಿಮೆ ಅಷ್ಟೇ. ಅದಕ್ಕೇ ಏಳುವುದನ್ನೂ ಚಾಪೆ ಹಾಸಿ ಅಭ್ಯಾಸ ಮಾಡಿದೆ. ಮೊದಲು ಹಾಗೇ ಮಲಗಿ ಎಲ್ಲಿ ನೋವಿದೆ ನೋಡುವುದು. ತಲೆಗೆ ಪೆಟ್ಟಾಗಿದ್ದರೆ, ಸೊಂಟ ಅಲುಗಾಡದಿದ್ದರೆ ಏಳಬಾರದು, ಆಸ್ಪತ್ರೆಗೆ ಹೋಗಬೇಕು. ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಿಟ್ಟು ಮರದ ಕುರ್ಚಿಯವರೆಗೆ ಹೋಗಿ, ಅದನ್ನು ಹಿಡಿದು ಗಟ್ಟಿ ಇರುವ ಕಾಲು ಮುಂದೂರಿ ಏಳುವುದು. ಸೊಸೆ ಕಂಕುಳಿಗೆ ಕೈ ಹಾಕಿ ಎತ್ತಲು ಬರುತ್ತಿದ್ದಳು. ಈಗ ಅವಳ ಕೆಲಸ ಕುರ್ಚಿ ತಂದು ಅದನ್ನು ಒತ್ತಿ ಹಿಡಿಯುವುದು.

ಹೊರಗೆ ಹೋದಾಗ ಟೇಪೂ ಇಲ್ಲ, ರಂಗೋಲಿಯೂ ಇಲ್ಲ. ಹೋದ ತಿಂಗಳು ಒಂದು ಮದುವೆಗೆ ಹೋಗಿದ್ದೆವು. ಊಟದ ಹಾಲ್ ಬಾಗಿಲಲ್ಲಿ ಜನ, ವಾಲಗದ ಸದ್ದು, ನನ್ನ ಕಾಲು ನಿಂತಿತು. ಮನೆಯವರು ಏನೂ ಹೇಳಲಿಲ್ಲ. ಚಪ್ಪಲಿ ಬಿಟ್ಟ ತಮ್ಮ ಬಲಪಾದವನ್ನು ನನ್ನ ಪಾದದ ಮುಂದೆ ಗೆರೆಯ ಹಾಗೆ ಅಡ್ಡ ಇಟ್ಟರು. ಫಿಸಿಯೋ ಹುಡುಗಿ ಹೇಳಿಕೊಟ್ಟಿದ್ದೇ ಅದು, ಗಂಡನ ಕಾಲು ದಾಟುವುದು ಹೇಗೆ ಅಂತ ನಾನೇ ಇಷ್ಟು ದಿನ ಒಪ್ಪಿರಲಿಲ್ಲ. "ದಾಟು" ಅಂದರು, ಮೆಲ್ಲಗೆ. ಅವರ ತೋಳು ಹಿಡಿದುಕೊಂಡೆ. ದಾಟಿದೆ.