ಪುತ್ತೂರಿಗೆ ಹೋಗಿ ವಾಪಸು ಬಂದ ನಮ್ಮ ಅಪ್ಪೆಮಿಡಿ

ನಮ್ಮ ಮನೆ ಸಿದ್ದಾಪುರ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಮನೆ ಕೆಳಗೆ ಅಡಿಕೆ ತೋಟ, ತೋಟದ ತುದಿಗೆ ಹಳ್ಳ. ಹಳ್ಳದ ದಡದಲ್ಲಿ ಒಂದು ಅಪ್ಪೆಮಿಡಿ ಮರ ಇತ್ತು, ಅಂದರೆ ಎಳೆಗಾಯಿಯನ್ನೇ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವು. ನಾನು ಮದುವೆಯಾಗಿ ಬಂದಾಗಲೇ ಇಬ್ಬರು ಸೇರಿ ತಬ್ಬಿದರೂ ಸಿಗದಷ್ಟು ದಪ್ಪ. ಮಿಡಿ ಸಣ್ಣದು, ಸ್ವಲ್ಪ ಉದ್ದ. ತೊಟ್ಟು ಮುರಿದರೆ ಸೊನೆ ಚಿಮ್ಮಿ ಜೀರಿಗೆಯ ಪರಿಮಳ ಬರುತ್ತಿತ್ತು. ಅತ್ತೆ ಹಾಕಿದ ಉಪ್ಪಿನಕಾಯಿ ನಾಲ್ಕು ವರ್ಷ ಕಳೆದರೂ ಹಲ್ಲಿಗೆ ಕಟಕ್ಕನೆ ಸಿಗುತ್ತಿತ್ತು, ಮೆತ್ತಗಾಗುತ್ತಿರಲಿಲ್ಲ.

2021ರ ಜುಲೈ ಮಳೆಯಲ್ಲಿ ಆ ಮರ ಬುಡಸಮೇತ ಹಳ್ಳಕ್ಕೆ ಬಿತ್ತು. ಈಗ ಅದೇ ತಳಿಯ ಒಂಬತ್ತು ಗಿಡ ನಮ್ಮ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಗುಡ್ಡದಲ್ಲಿ, ಇವೆ. ಅಷ್ಟಕ್ಕೂ ಕಾರಣ ನಾನು ಇವತ್ತಿನವರೆಗೂ ಮುಖ ನೋಡದ ಕೆಲವರು.

ನಮ್ಮ ಮನೆಯೊಳಗೆ ಫೋನಿಗೆ ನೆಟ್‌ವರ್ಕ್ ಬರುವುದಿಲ್ಲ. ಕೊಟ್ಟಿಗೆ ಹಿಂದಿನ ದರೆ ಹತ್ತಿದರೆ ಸಿಗುತ್ತದೆ. ಸಂಜೆ ಹಾಲು ಕರೆದು, ಕರು ಕಟ್ಟಿ, ದರೆ ಮೇಲೆ ಹೋಗಿ ನಿಂತರೆ ಇಡೀ ದಿನದ ಮೆಸೇಜೆಲ್ಲ ಒಟ್ಟಿಗೆ ಬರುತ್ತವೆ. 2017ರಲ್ಲಿ ತಂಗಿ ನನ್ನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದಳು. ಕೈತೋಟ ಮಾಡುವವರು, ಬೀಜ ಇಟ್ಟುಕೊಳ್ಳುವವರು, ಸುಮ್ನೆ ಓದುವವರು, ಎಲ್ಲರೂ ಇದ್ದಾರೆ. ಮಳೆಗಾಲದಲ್ಲಿ ಅಲ್ಲಿನ ಮೊದಲ ಮಾತೇ "ನಿಮ್ಮಲ್ಲಿ ನಿನ್ನೆ ಎಷ್ಟು ಮಿಲಿಮೀಟರ್?" ಅಂತ. ಆಮೇಲೆ ಅಡಿಕೆ ಕೊಳೆ, ಮಂಗನ ಕಾಟ, ಯಾರದೋ ಮನೆಯ ದೋಸೆ. ನಾವು ಮೊಗೆಕಾಯಿ ಅನ್ನುವುದನ್ನು ಪುತ್ತೂರಿನವರು ಬರೀ ಸೌತೆ ಅನ್ನುತ್ತಾರೆ, ಬೆಂಗಳೂರಿನವರಿಗೆ ಅದು ಮಂಗಳೂರು ಸೌತೆ. ಇದೇ ವಿಷಯದ ಮೇಲೆ ಒಂದು ಇಡೀ ವಾರ ಮಾತಾಡಿದ್ದೇವೆ. ಅಂಥ ಮಾತು ನನಗೆ ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಮನೆಯಿಂದ ಮನೆಗೆ ಹೋಗುವುದೇ ಕಷ್ಟ, ಅಲ್ವಾ?

2018ರ ಮೇ ತಿಂಗಳಲ್ಲಿ ನಮ್ಮ ಮಿಡಿ ಉಪ್ಪಿನಕಾಯಿಯ ಫೋಟೋ ಹಾಕಿದ್ದೆ. ಅದನ್ನು ನೋಡಿ ಪುತ್ತೂರು ಕಡೆಯ ನಿವೃತ್ತ ಮಾಸ್ಟ್ರೊಬ್ಬರು ಕೇಳಿದರು: "ತಂಗೀ, ಈ ಮರದ ಕಸಿ ಕಡ್ಡಿ ಕಳಿಸ್ಲಿಕ್ಕೆ ಆಗ್ತದಾ? ನಮ್ಮಲ್ಲಿ ಕಾಟುಮಾವಿನ ಸಸಿ ಬೇಕಾದಷ್ಟು ಉಂಟು." ಕಡ್ಡಿ ಅಂದರೆ ಏನು, ಹೇಗೆ ಕೊಯ್ಯುವುದು ಅಂತ ನನಗೆ ಗೊತ್ತಿರಲಿಲ್ಲ. ಅವರೇ ವಾಯ್ಸ್ ಮೆಸೇಜಿನಲ್ಲಿ ಹೇಳಿಕೊಟ್ಟರು: ಮರದ ತುದಿ ಕೊಂಬೆಯ ತುಂಡು ಅದು, ಕಾಡುಮಾವಿನ ಸಸಿಗೆ ಕೂಡಿಸಿ ಕಟ್ಟಿದರೆ ನಮ್ಮ ಮರವೇ ಅಲ್ಲಿ ಬೆಳೆಯುತ್ತದೆ. ನಾನು ಕಳಿಸಿದ್ದು ಹದಿನೈದು ಕಡ್ಡಿ. ಆಗಸ್ಟ್‌ನಲ್ಲಿ ಅವರ ಫೋಟೋ ಬಂತು: ತಾಮ್ರದ ಬಣ್ಣದ ಎರಡು ಎಳೆ ಎಲೆ. "ನಿಮ್ಮ ಮನೆಯ ಮಗು ಕಣ್ಣು ಬಿಟ್ಟಿದೆ" ಅಂತ ಬರೆದಿದ್ದರು. ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಮರ ಬಿದ್ದಾಗ ನಮ್ಮಲ್ಲಿ ಅದರ ಒಂದು ಗಿಡವೂ ಇರಲಿಲ್ಲ. ಬೇರೆಯವರಿಗೆ ಕಡ್ಡಿ ಕೊಟ್ಟಿದ್ದೆವು, ನಾವು ಮಾತ್ರ ಕಟ್ಟಿಕೊಂಡಿರಲಿಲ್ಲ. ಮರ ಇದೆಯಲ್ಲ ಅನ್ನುವ ಧೈರ್ಯ. ಬಿದ್ದ ಮರದಿಂದಲೇ ಕಡ್ಡಿ ಕೊಯ್ದು ಕಟ್ಟಲು ನೋಡಿದೆ. ಒಂದೂ ಬದುಕಲಿಲ್ಲ. ಕಡ್ಡಿಗೆ ತಯಾರಿ ಆಗಿರಲಿಲ್ಲ, ಕಟ್ಟಲು ಒಳ್ಳೆಯ ಸಸಿ ಇರಲಿಲ್ಲ, ನನ್ನ ಕೈಯೂ ಪಳಗಿರಲಿಲ್ಲ. ಆ ವಾರ ಕರೆಂಟೂ ಇಲ್ಲ, ರಸ್ತೆಯ ಮೇಲೆಲ್ಲ ಮರ. ದರೆ ಮೇಲೂ ಫೋನಿಗೆ ಜೀವ ಇರಲಿಲ್ಲ.

ಅಪ್ಪೆಮಿಡಿ ಗೊರಟೆಯಿಂದ ಹುಟ್ಟಿದರೆ ತಾಯಿ ಮರದ ಹಾಗೆಯೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಪರಿಮಳ ಹೋಗಬಹುದು, ಹುಳಿ ಬೇರೆಯಾಗಬಹುದು. ಅದೇ ಮಿಡಿ ಬೇಕೆಂದರೆ ಕಸಿಯೇ ಆಗಬೇಕು. ಅಘನಾಶಿನಿ, ಶರಾವತಿ, ಬೇಡ್ತಿ ಹೊಳೆಗಳ ದಂಡೆಯಲ್ಲಿ ಒಂದೊಂದು ಮರಕ್ಕೂ ಒಂದೊಂದು ರುಚಿ ಇದೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಶರಾವತಿ ದಂಡೆಯ ಎಷ್ಟೋ ಮರ ಮುಳುಗಿದವು. ಮಿಡಿ ಕೊಯ್ಯುವ ಅವಸರದಲ್ಲಿ ಕೊಂಬೆಯನ್ನೇ ಕಡಿದು ಹಾಕುವವರೂ ಇದ್ದಾರೆ. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಳಿಗಳನ್ನು ಸಂಗ್ರಹಿಸಿದ್ದಾರೆ. ಒಳ್ಳೆಯ ಕೆಲಸ. ಆದರೆ ನಮ್ಮ ಹಳ್ಳದ ದಂಡೆಯ ಮರದ ಲೆಕ್ಕ ನಾವೇ ಇಡಬೇಕು.

ಕರೆಂಟು ಬಂದ ಮೇಲೆ ಗುಂಪಿನಲ್ಲಿ ಮರ ಬಿದ್ದ ಸುದ್ದಿ ಹಾಕಿದೆ. ಅರ್ಧ ಗಂಟೆಯಲ್ಲಿ ಮಾಸ್ಟ್ರ ಮೆಸೇಜು: "ತಂಗೀ, ಬೇಜಾರು ಮಾಡ್ಬೇಡಿ. ನಿಮ್ಮ ಮರ ಇಲ್ಲಿ ಉಂಟಲ್ಲ. ಐದು ಗಿಡ ಉಂಟು. ಈ ವರ್ಷ ನೀವು ಸಸಿ ಮಾಡಿ ಇಟ್ಟುಕೊಳ್ಳಿ, ಮುಂದಿನ ಜೂನ್‌ಗೆ ಕಡ್ಡಿ ನಾನು ಕಳಿಸ್ತೇನೆ." ನಾನು ದರೆ ಮೇಲೆ ನಿಂತೇ ಅತ್ತುಬಿಟ್ಟೆ.

ಸಸಿಗೆ ನಾನು ಮಾಡಿದ್ದು ಇಷ್ಟೇ. ಕಾಡುಮಾವಿನ ಮರದ ಬುಡದಲ್ಲಿ, ಬಿದ್ದ ಹಣ್ಣಿನ ಗೊರಟೆ ತನ್ನಷ್ಟಕ್ಕೇ ಮೊಳೆತಿರುತ್ತದೆ. ಆಗಸ್ಟ್‌ನಲ್ಲಿ ಅಂಥ ಮೂವತ್ತು ಸಸಿಗಳನ್ನು ಗೊರಟೆ ಕಳಚದ ಹಾಗೆ ಎಬ್ಬಿಸಿ ತಂದೆ. ಕಾಡುಮಣ್ಣು, ಮರಳು, ಹಳೆ ಸಗಣಿ ಗೊಬ್ಬರ ಕಲಸಿ ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ ನೆಟ್ಟೆ. ಗೊರಟೆಯನ್ನು ಒಣಗಿಸಿಟ್ಟು ಆಮೇಲೆ ಹಾಕುತ್ತೇನೆ ಅಂದರೆ ಆಗದು, ಮಾವಿನ ಗೊರಟೆ ಬೇಗ ಸಾಯುತ್ತದೆ. ಬೇಸಿಗೆಯಲ್ಲಿ ಅಡಿಕೆ ಸೋಗೆಯ ನೆರಳು ಮಾಡಿ ದಿನಾ ನೀರು ಕೊಟ್ಟೆ. ಜೂನ್ ಹೊತ್ತಿಗೆ ಇಪ್ಪತ್ನಾಲ್ಕು ಸಸಿ ಪೆನ್ಸಿಲ್ ದಪ್ಪ ಆಗಿದ್ದವು.

ಕಡ್ಡಿಯ ತಯಾರಿ ಮರದ ಮೇಲೇ ಶುರುವಾಗಬೇಕು. ಮೂರು ನಾಲ್ಕು ತಿಂಗಳು ಬಲಿತ, ಸಸಿಯಷ್ಟೇ ದಪ್ಪದ ತುದಿ ಕೊಂಬೆ ಆರಿಸಬೇಕು. ಕೊಯ್ಯುವುದಕ್ಕೆ ಎಂಟು ಹತ್ತು ದಿನ ಮೊದಲು ಎಲೆಯನ್ನೆಲ್ಲ ಕತ್ತರಿಸಿ ತೊಟ್ಟು ಮಾತ್ರ ಉಳಿಸಬೇಕು. ಆಮೇಲೆ ತೊಟ್ಟು ತಾನೇ ಉದುರುತ್ತದೆ, ತುದಿಯ ಮೊಗ್ಗು ಉಬ್ಬುತ್ತದೆ. ಉಬ್ಬಿರಬೇಕು, ಒಡೆದಿರಬಾರದು. 2021ರಲ್ಲಿ ನಾನು ತಪ್ಪಿದ್ದು ಇಲ್ಲೇ.

2022ರ ಜೂನ್ ಮೂರನೇ ವಾರ ಪೋಸ್ಟಿನಲ್ಲಿ ಪಾರ್ಸೆಲ್ ಬಂತು. ಬಿಚ್ಚಿದರೆ ಹೊರಗೆ ಪ್ಲಾಸ್ಟಿಕ್, ಒಳಗೆ ಬಾಳೆ ಪಟ್ಟೆ, ಅದರೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಇಪ್ಪತ್ತು ಕಡ್ಡಿ. ಬಟ್ಟೆ ಒದ್ದೆ ಇರಬೇಕು, ನೀರು ತೊಟ್ಟಿಕ್ಕಬಾರದು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಮೂರು ದಿನ ಪ್ರಯಾಣ ಮಾಡಿದ್ದರೂ ಕಡ್ಡಿ ಹಸಿರಾಗಿಯೇ ಇತ್ತು. ಒಂದರ ತುದಿ ಉಗುರಿನಲ್ಲಿ ಕೆರೆದು ಮೂಗಿಗೆ ಹಿಡಿದೆ. ನಮ್ಮದೇ ಪರಿಮಳ.

ಅವತ್ತೇ ಮಧ್ಯಾಹ್ನ ಜಗಲಿಯಲ್ಲಿ ಕೂತು ಕಟ್ಟಿದೆ. ಸಸಿಯನ್ನು ಮಣ್ಣಿನಿಂದ ಒಂದು ಗೇಣು ಮೇಲೆ ಕತ್ತರಿಸಿ, ನಡುವೆ ಒಂದೂವರೆ ಇಂಚು ಸೀಳಿದೆ. ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಅಷ್ಟೇ ಉದ್ದಕ್ಕೆ ಬೆಣೆಯ ಹಾಗೆ ಕೆತ್ತಿದೆ. ಇದಕ್ಕೆ ಹೊಸ ಬ್ಲೇಡೇ ಬೇಕು, ಒಂದೇ ಎಳೆತಕ್ಕೆ ಕೊಯ್ಯಬೇಕು. ಮತ್ತೆ ಮತ್ತೆ ಕೆತ್ತಿದರೆ ಮೈ ಸಮ ಆಗುವುದಿಲ್ಲ, ಒಳಗೆ ಗಾಳಿ ಉಳಿಯುತ್ತದೆ. ಕೆತ್ತಿದ ಜಾಗವನ್ನು ಬೆರಳಿನಿಂದ ಮುಟ್ಟಬಾರದು. ಬೆಣೆಯನ್ನು ಸೀಳಿನೊಳಗೆ ಇಳಿಸುವಾಗ ಸಿಪ್ಪೆಯ ಅಡಿಯ ತೆಳು ಹಸಿರು ಗೆರೆ ನೋಡಬೇಕು. ಕಡ್ಡಿಯ ಗೆರೆಯೂ ಸಸಿಯ ಗೆರೆಯೂ ಕೂಡಬೇಕು. ದಪ್ಪ ಹೆಚ್ಚು ಕಡಿಮೆ ಇದ್ದರೆ ನಡುವೆ ಇಡಬೇಡಿ, ಒಂದು ಪಕ್ಕಕ್ಕಾದರೂ ಸರಿಯಾಗಿ ಕೂಡಿಸಿ. ಮಾಸ್ಟ್ರು ಇದನ್ನೇ ಮೂರು ಸಲ ಹೇಳಿದ್ದರು: "ಗೆರೆ ಕೂಡದಿದ್ದರೆ ನೀವು ಎಷ್ಟು ಬಿಗಿ ಕಟ್ಟಿಯೂ ಪ್ರಯೋಜನ ಇಲ್ಲ."

ಕಟ್ಟಲು ಪ್ಲಾಸ್ಟಿಕ್ ಪಟ್ಟಿ, ಕೆಳಗಿನಿಂದ ಮೇಲಕ್ಕೆ, ನೀರು ಇಳಿಯದ ಹಾಗೆ. ಕಡ್ಡಿಯ ಮೇಲೆ ಪೆಪ್ಸಿ ಐಸ್ ಮಾಡುವ ಉದ್ದನೆಯ ಕವರ್ ತೊಡಿಸಿ ಬುಡದಲ್ಲಿ ಗಂಟು ಹಾಕಿದೆ. ಒಳಗೆ ತೇವ ನಿಲ್ಲುತ್ತದೆ. ಮಳೆಗಾಲದ ತಂಪೂ ಅದಕ್ಕೆ ಒಳ್ಳೆಯದು. ಗಿಡಗಳನ್ನು ಮಳೆ ನೇರ ಹೊಡೆಯದ ಮಾಡಿನ ಅಡಿ ಇಟ್ಟೆ.

ಹದಿನೆಂಟನೇ ದಿನ ಮೊದಲ ಮೊಗ್ಗು ಒಡೆಯಿತು. ಎಲೆ ಬಿಚ್ಚಿಕೊಂಡ ಮೇಲೆ ಸಂಜೆ ಹೊತ್ತಿನಲ್ಲಿ ಕವರ್ ತೆಗೆದೆ. ಬಿಸಿಲಲ್ಲಿ ತೆಗೆದರೆ ಎಳೆ ಎಲೆ ಬಾಡುತ್ತದೆ. ಕಸಿಯ ಕೆಳಗೆ ಸಸಿಯದೇ ಚಿಗುರು ಬರುತ್ತದೆ, ಅದನ್ನು ಕಂಡ ಕೂಡಲೇ ಚಿವುಟಬೇಕು. ಒಂದು ಗಿಡದಲ್ಲಿ ನಾನು ಗಮನಿಸದೆ ಆ ಚಿಗುರೇ ದೊಡ್ಡದಾಗಿ ಮೇಲಿನ ಕಡ್ಡಿ ಒಣಗಿಹೋಯಿತು. ಇಪ್ಪತ್ತರಲ್ಲಿ ಹನ್ನೆರಡು ಬದುಕಿದವು. ಮುಂದಿನ ವರ್ಷ ಬೆಟ್ಟದಲ್ಲಿ ನೆಟ್ಟ ಮೇಲೆ ಎರಡನ್ನು ದನ ತಿಂದವು, ಒಂದು ಬೇಸಿಗೆಯಲ್ಲಿ ಒಣಗಿತು. ಉಳಿದದ್ದು ಒಂಬತ್ತು.

ಮೊದಲೆರಡು ವರ್ಷ ಬಂದ ಹೂವನ್ನೆಲ್ಲ ಚಿವುಟಿ ಹಾಕಿದೆ. ಮನಸ್ಸಿಗೆ ಕಷ್ಟ, ಆದರೆ ಗಿಡ ಗಟ್ಟಿಯಾಗಬೇಕಲ್ಲ. ಈ ವರ್ಷ ಎರಡು ಗಿಡದಲ್ಲಿ ಬಿಟ್ಟೆ. ಮಾರ್ಚ್‌ನಲ್ಲಿ ಅರವತ್ಮೂರು ಮಿಡಿ ಸಿಕ್ಕಿತು. ಒಂದೊಂದನ್ನೂ ತೊಟ್ಟು ಸಮೇತ ಕೈಯಲ್ಲೇ ಕೊಯ್ದೆ, ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಕೊಳೆಯುತ್ತದೆ. ಅತ್ತೆಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ. ಒಂದು ಮಿಡಿ ಅವರ ಕೈಗೆ ಕೊಟ್ಟೆ. ತೊಟ್ಟು ಮುರಿದು ಮೂಸಿ, "ಹಳ್ಳದ ಮರದ್ದು" ಅಂದರು.

ಮಿಡಿ ಸಿಕ್ಕಿದ ಸುದ್ದಿ ಗುಂಪಿನಲ್ಲಿ ಹಾಕಿದಾಗ ಹುಬ್ಬಳ್ಳಿಯ ಒಬ್ಬರು ಬರೆದರು: "ಅಕ್ಕಾರ, ಬ್ಯಾಡಗಿ ಮೆಣಸಿನಕಾಯಿ ನಾ ಕಳಸ್ತೀನ್ರಿ, ನೀವು ಚಿಂತಿ ಮಾಡಬ್ಯಾಡ್ರಿ." ನಿಜವಾಗಿಯೂ ಒಂದು ಕೆಜಿ ಕಳಿಸಿದರು. ದುಡ್ಡು ಎಷ್ಟು ಕೇಳಿದರೂ ಹೇಳಲಿಲ್ಲ. ನಾನು ಮೊಗೆಕಾಯಿ ಬೀಜ, ಒಂದು ಪೊಟ್ಟಣ ಕಾಳುಮೆಣಸು ಕಳಿಸಿದೆ. ಮಿಡಿ ಹರಳುಪ್ಪಿನಲ್ಲಿ ಚಿರುಟಿ ನೀರು ಬಿಟ್ಟ ಮೇಲೆ ಆ ಮೆಣಸು, ಸಾಸಿವೆ ಹುರಿದು, ಅದೇ ಉಪ್ಪುನೀರಿನಲ್ಲಿ ಬೀಸಿ ಹಾಕಿದೆ. ಎರಡು ಸಣ್ಣ ಭರಣಿ ಆಯಿತು. ಒಂದು ಭರಣಿಯದನ್ನು ಮಾಸ್ಟ್ರಿಗೆ ಕಳಿಸಿದ್ದೇನೆ.

ಈಗ ಜೂನ್. ದಾವಣಗೆರೆಯ ಒಬ್ಬ ಹುಡುಗ, ಬ್ಯಾಂಕಿನಲ್ಲಿ ಕೆಲಸ, ಊರಲ್ಲಿ ಎರಡು ಎಕರೆ ಇದೆಯಂತೆ, ಕಡ್ಡಿ ಕೇಳಿದ್ದಾನೆ. ಬಯಲುಸೀಮೆಯ ಬಿಸಿಲಿಗೆ ಬರುತ್ತದಾ ಅಂತ ನನಗೂ ನೋಡುವ ಆಸೆ. ಹೋದ ಶನಿವಾರವೇ ಎಂಟು ಕೊಂಬೆಯ ಎಲೆ ಕತ್ತರಿಸಿಟ್ಟಿದ್ದೇನೆ. ಇವತ್ತು ನೋಡಿದರೆ ತೊಟ್ಟು ಉದುರಲು ಶುರುವಾಗಿದೆ. ಸೋಮವಾರ ಬೆಳಿಗ್ಗೆ ಕೊಯ್ದು, ಬಾಳೆ ಪಟ್ಟೆಯಲ್ಲಿ ಸುತ್ತಿ, ಅವತ್ತೇ ಸಿದ್ದಾಪುರಕ್ಕೆ ಹೋಗಿ ಬುಕ್ ಮಾಡಬೇಕು. ಶುಕ್ರವಾರ ಕಳಿಸಿದರೆ ಭಾನುವಾರ ದಾರಿಯಲ್ಲೇ ಕಳೆಯುತ್ತದೆ, ಕಡ್ಡಿ ಅಷ್ಟು ದಿನ ತಡೆಯುವುದಿಲ್ಲ.