ಒಣ ಕಟ್ಟೆ ಮಣ್ಣಿನಿಂದ ಮೀನುಮರಿಗೆ ಊಟ: ನನ್ನ ಅನುಭವ

ಆರ್ಟಿಮಿಯ (ಮೀನುಮರಿಗೆ ಹಾಕುವ, ಸಿಗಡಿಯಂಥ ಉಪ್ಪುನೀರಿನ ಪುಟ್ಟ ಶ್ರಿಂಪ್) ಡಬ್ಬಿ ಇಲ್ಲದೆ ಫೈಟರ್ ಮೀನಿನ ಮರಿ ಬೆಳೆಸೋಕೆ ಆಗಲ್ಲ ಅಂತ ಮಂಡ್ಯದಲ್ಲಿ ಮೀನು ಸಾಕುವ ಗೆಳೆಯರೆಲ್ಲ ಹೇಳುತ್ತಿದ್ದರು. ಅರ್ಧ ಕಿಲೋನೂ ತೂಗದ ಡಬ್ಬಿಗೆ ಸಾವಿರಗಟ್ಟಲೆ ರೂಪಾಯಿ. ಮರಿ ಜಾಸ್ತಿಯಾದ ತಿಂಗಳಲ್ಲಿ ಮೀನು ಮಾರಿದ ದುಡ್ಡೆಲ್ಲ ಅದಕ್ಕೇ ಹೋಗುತ್ತಿತ್ತು. ಈಗ ನಾಗಮಂಗಲ ಕಡೆಯ ಒಣ ಕಟ್ಟೆ ಮಣ್ಣಿನಿಂದಲೇ ಫೇರಿ ಶ್ರಿಂಪ್ ಎಬ್ಬಿಸುತ್ತಿದ್ದೇನೆ. ಅದು ಆರ್ಟಿಮಿಯದ ಸಿಹಿನೀರಿನ ನಂಟ, ಮೊಟ್ಟೆ ಒಣ ಮಣ್ಣಿನಲ್ಲೇ ಮಲಗಿರುತ್ತದೆ. ನಕ್ಕವರೇ ಈಗ ಮಣ್ಣು ಕೇಳುತ್ತಿದ್ದಾರೆ.

ಡಬ್ಬಿಯಲ್ಲಿರುವುದೂ ಒಣ ಮೊಟ್ಟೆಯೇ ಅಲ್ವಾ? ಅದರಲ್ಲಿ ಎಷ್ಟೋ ಪಾಲು ಅಮೆರಿಕದ ಗ್ರೇಟ್ ಸಾಲ್ಟ್ ಲೇಕಿನದು. ಆಸ್ಟ್ರೇಲಿಯಾದ ಮರುಭೂಮಿಯ ಲೇಕ್ ಐರ್ ವರ್ಷಗಟ್ಟಲೆ ಬರೀ ಉಪ್ಪಿನ ಬಯಲು. ನೀರು ಬಂದರೆ ಉಪ್ಪುನೀರಿನ ಶ್ರಿಂಪ್ ಮೊಟ್ಟೆ ಒಡೆಯುತ್ತದೆ, ಅದನ್ನು ತಿನ್ನಲು ಹಕ್ಕಿಗಳು ಬಂದು ಗೂಡು ಕಟ್ಟುತ್ತವೆ. 1974ರಲ್ಲಿ ಆ ಕೆರೆ ಭರ್ತಿ ತುಂಬಿತ್ತು. ಅಲ್ಲಿ ನಡೆಯುವುದು ನಮ್ಮ ಕಟ್ಟೆಯಲ್ಲಿ ಯಾಕೆ ನಡೆಯಬಾರದು ಅನ್ನಿಸಿತು.

ಮೊದಲು ತಂದದ್ದು ಮನೆ ಹತ್ತಿರದ, ನಾಲೆ ನೀರು ಬೀಳುವ ಕೆರೆಯ ಗೋಡು. ಒಂದೂ ಏಳಲಿಲ್ಲ. ಅಲ್ಲಿ ವರ್ಷವಿಡೀ ನೀರು, ನೀರಿದ್ದ ಕಡೆ ಮೀನು. ಫೇರಿ ಶ್ರಿಂಪಿಗೆ ಓಡಿ ತಪ್ಪಿಸಿಕೊಳ್ಳೋಕೂ ಬರಲ್ಲ, ಚಿಪ್ಪೂ ಇಲ್ಲ. ಕೆರೆ ಒಣಗಿ ಮೀನು ಸತ್ತರೆ ಮಾತ್ರ ಅದಕ್ಕೆ ಉಳಿಗಾಲ. ಹಾಗಾಗಿ ಮಳೆ ನೀರು ಮಾತ್ರ ನಿಂತು, ಬೇಸಿಗೆಯಲ್ಲಿ ಬಿರುಕು ಬಿಡುವ ಕಟ್ಟೆ ಹುಡುಕಿದೆ. ಮೇಲಿನ ಒಂದು ಬೆರಳು ಮಣ್ಣು ಸಾಕು. ಕಟ್ಟೆಯ ಯಾವ ಭಾಗದ್ದು ಅಂತ ಮಾತ್ರ ಹೇಳಲ್ಲ!

ಆಮೇಲೆ ಕೈಕೊಟ್ಟದ್ದು ಬೋರ್ ನೀರು. ನನ್ನ ಬೋರಿನ ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪಿನಂಶದ ಅಳತೆ) ಒಂಬೈನೂರರ ಆಸುಪಾಸು. ಹದಿನೈದು ಟಬ್ಬು ದಂಡ. ಟಬ್ಬು, ಏರ್ ಪಂಪು, ಗಾಡಿ ಬಾಡಿಗೆ ಎಲ್ಲ ಸೇರಿ ಎಂಟು ಸಾವಿರದ ಹತ್ತಿರ ಮುಳುಗಿತು. ಮನೆಯಲ್ಲಿ ಎಷ್ಟು ಅಂತ ಇನ್ನೂ ಹೇಳಿಲ್ಲ. ಸುಮ್ನೆ ಒಂದು ಟಬ್ಬಿಗೆ ಛಾವಣಿಯಿಂದ ಹಿಡಿದ ಮಳೆ ನೀರು ಹಾಕಿದೆ. ಎರಡನೇ ದಿನಕ್ಕೆ ಚುಕ್ಕಿಗಳು ಈಜುತ್ತಿದ್ದವು! ಹೊಸ ಮಳೆಯ ತೆಳು ನೀರೇ ಆ ಮೊಟ್ಟೆಗೆ ಏಳುವ ಸೂಚನೆ. ನೀರು ಬತ್ತುತ್ತಾ ಉಪ್ಪು ಏರಿದಾಗ ಅವು ಏಳುವುದಿಲ್ಲ. ಬೋರ್ ನೀರು ಅವಕ್ಕೆ ಬತ್ತುತ್ತಿರುವ ಕಟ್ಟೆಯಂತೆ. ಆಳ ಒಂದು ಗೇಣು ಸಾಕು, ಬೆಳಕು ಬೇಕೇ ಬೇಕು.

ಒಮ್ಮೆ ಎದ್ದ ಮಣ್ಣನ್ನು ಎಸೆಯಬೇಡಿ. ಮೊದಲ ನೀರಿಗೆ ಎಲ್ಲ ಮೊಟ್ಟೆಯೂ ಒಡೆಯುವುದಿಲ್ಲ. ಒಡೆದ ಮೇಲೆ ಮಳೆ ನಿಂತರೆ ವಂಶವೇ ಹೋಗುತ್ತಲ್ಲ, ಅದಕ್ಕೇ ಒಂದಷ್ಟು ಮುಂದಿನ ಮಳೆಗೆ ಉಳಿಯುತ್ತವೆ. ಪೂರ್ತಿ ಒಣಗಿಸಿ ಮತ್ತೆ ನೆನೆಸಿದರೆ ಇನ್ನೊಂದು ಬೆಳೆ. ಒಂದೇ ಮಣ್ಣಿನಿಂದ ನನಗೆ ಮೂರು ಬೆಳೆ ಬಂದಿದೆ. ಕುತೂಹಲಕ್ಕೆ ಒಂದು ಪಾಲನ್ನು ಏಪ್ರಿಲ್ ಬಿಸಿಲಿಗೆ ತಗಡಿನ ಮೇಲೆ ಹರಡಿದ್ದೆ, ಅದೂ ಎದ್ದಿತು. ಒದ್ದೆಯಾಗಿಯೇ ಬಕೆಟ್‌ನಲ್ಲಿಟ್ಟ ಪಾಲಿನಲ್ಲಿ ಬೆರಳೆಣಿಕೆಯಷ್ಟೇ.

ಆರ್ಟಿಮಿಯ ಸಿಹಿನೀರಿನಲ್ಲಿ ಕೆಲವೇ ಗಂಟೆ ಬದುಕುತ್ತದೆ. ಫೇರಿ ಶ್ರಿಂಪ್ ಮರಿಗಳು ಮೀನು ತಿನ್ನುವವರೆಗೂ ಓಡಾಡಿಕೊಂಡಿರುತ್ತವೆ, ತೊಟ್ಟಿ ನೀರು ಕೆಡುವುದಿಲ್ಲ. ಅದೇ ಮಣ್ಣಿನಿಂದ ಟ್ಯಾಡ್‌ಪೋಲ್ ಶ್ರಿಂಪ್ (ಬೆನ್ನ ಮೇಲೆ ಚಿಪ್ಪಿರುವ ಇನ್ನೊಂದು ಜಾತಿ) ಎದ್ದರೆ ಮೊದಲ ವಾರದಲ್ಲೇ ಹೆಕ್ಕಿ ತೆಗೆಯಿರಿ, ಬೆಳೆದರೆ ಎಲ್ಲವನ್ನೂ ತಿಂದು ಮುಗಿಸುತ್ತದೆ. ಮಣ್ಣು ಬೇಕಾದವರಿಗೆ ಚೀಲಕ್ಕೆ ಇನ್ನೂರು ರೂಪಾಯಿ, ಮಳೆ ನೀರು ನಿಮ್ಮದೇ.