ಬೋಟಿನಲ್ಲಿ ಟ್ರಾನ್ಸ್‌ಪಾಂಡರ್ ಕೂರಿಸಲು ಯಾವ ಜಾಗ?

ಮೀನುಗಾರಿಕೆ ಬೋಟಿಗೆ ಉಪಗ್ರಹ ಟ್ರಾನ್ಸ್‌ಪಾಂಡರ್ (ಸಮುದ್ರದಿಂದ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಉಪಕರಣ) ಬಂದಾಗ ಹೆಚ್ಚಿನವರು ಮೊದಲು ನೋಡುವುದು ವೈರ್ ಎಲ್ಲಿಗೆ ಸುಲಭವಾಗಿ ಎಟಕುತ್ತದೆ ಎಂದು. ನೋಡಬೇಕಾದ್ದು ಆಕಾಶವನ್ನು.

ಈ ಸೇವೆಗೆ ಬಳಸುವ ಜಿಸ್ಯಾಟ್-6 ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಕಾರವಾರದಿಂದ ನೋಡಿದರೆ ಅದು ಆಗ್ನೇಯಕ್ಕೆ, ಸುಮಾರು 70 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಆಂಟೆನಾದಿಂದ ಒಂದಡಿ ದೂರದ ಕಂಬ ಅದಕ್ಕಿಂತ ಮೂರಡಿ ಎತ್ತರವಿದ್ದರೆ ಸಾಕು, ಅಡ್ಡ ಬರುತ್ತದೆ. ಐದಡಿ ದೂರದ ಕಂಬ ಅಡ್ಡ ಬರಬೇಕಾದರೆ ಹದಿನಾಲ್ಕಡಿ ಇರಬೇಕು. ಅಲೆಗೆ ಬೋಟ್ ವಾಲಿದಾಗ ಈ ಲೆಕ್ಕವೂ ತಪ್ಪುತ್ತದೆ, ಹಾಗಾಗಿ ಕಂಬದಿಂದ ಎಷ್ಟು ದೂರವಾದರೂ ಒಳ್ಳೆಯದೇ. ಕ್ಯಾಬಿನ್ ಮಾಡಿನ ಮೇಲೆ, ಹೊಗೆ ಕೊಳವೆಯ ಮಸಿ ಬೀಳದ ಕಡೆ, ಬಲೆ ಎಳೆಯುವ ಹಗ್ಗ ತಾಗದ ಕಡೆ ಆರಿಸಿ. ಬೋಟಿನವರು ಮಾತಾಡುವ ವಿಎಚ್‌ಎಫ್ ರೇಡಿಯೊದ ಆಂಟೆನಾದಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ. ರಾಡಾರ್ ಇದ್ದರೆ ಅದು ತಿರುಗುವ ಮಟ್ಟಕ್ಕೆ ಎದುರಾಗಿ ಬೇಡವೇ ಬೇಡ.

ಆಂಟೆನಾ ಪೆಟ್ಟಿಗೆಯೊಳಗೇ ಇರುವ ಮಾದರಿಯಾದರೆ ಪೆಟ್ಟಿಗೆಯೇ ಮಾಡಿನ ಮೇಲೆ ಹೋಗಬೇಕು. ಮಳೆ ಬೀಳುತ್ತದೆಂದು ಟಾರ್ಪಾಲ್ ಹೊದಿಸಬೇಡಿ, ಬೋಟಿಗೆ ಬಣ್ಣ ಬಳಿಯುವಾಗ ಅದಕ್ಕೂ ಒಂದು ಕೈ ಬಳಿಯಬೇಡಿ. ಅಲ್ಯೂಮಿನಿಯಂ ಪೇಂಟ್ ಬಿದ್ದರಂತೂ ಸಿಗ್ನಲ್ ಸತ್ತಂತೆಯೇ.

ಬೋಲ್ಟ್ ಹಾಕುವ ಮೊದಲು ಕಂಪಾಸ್ ನೋಡಿ. ಬೋಟ್ ಕಟ್ಟಿ ನಿಲ್ಲಿಸಿ, ಉಪಕರಣವನ್ನು ಆ ಜಾಗದಲ್ಲಿ ಕೈಯಲ್ಲೇ ಹಿಡಿದು ಆನ್ ಆಫ್ ಮಾಡಿ. ಮುಳ್ಳು ಅಲುಗಿದರೆ ಜಾಗ ಬದಲಿಸಿ. ವೈರನ್ನೂ ಕಂಪಾಸ್ ಪಕ್ಕದಲ್ಲಿ ಎಳೆಯಬೇಡಿ.

ಕರೆಂಟ್ ಕೊಡುವಲ್ಲೇ ಹೆಚ್ಚಿನ ತಂಟೆ. ಲೈಟಿನ ವೈರಿಗೆ ಜೋಡಿಸದೆ ನೇರ ಬ್ಯಾಟರಿಯಿಂದ ತನ್ನಿ, ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಎಂಜಿನ್ ಸ್ಟಾರ್ಟ್ ಹೊಡೆಯುವಾಗ ವೋಲ್ಟೇಜ್ ಕುಸಿದು ಉಪಕರಣ ಆಫ್ ಆಗಿ ಮತ್ತೆ ಆನ್ ಆದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಹಸಿರುಗಟ್ಟಿದೆ. ತವರ ಲೇಪಿಸಿದ ತಾಮ್ರದ ವೈರ್ ತನ್ನಿ; ಸಾದಾ ತಾಮ್ರವನ್ನು ಉಪ್ಪುಗಾಳಿ ಬೇಗ ತಿನ್ನುತ್ತದೆ. ಮಾಡಿನ ತೂತಿನೊಳಗೆ ಹೋಗುವ ಮೊದಲು ವೈರ್ ಒಂದು ಕೊಂಕಿಯಂತೆ ಕೆಳಗಿಳಿದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು ಇರಲಿ. ಒದ್ದೆ ಫೈಬರ್ ಮೇಲೆ ತೂತು ಮುಚ್ಚುವ ಸೀಲಂಟ್ ಕಚ್ಚುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಬೋಟು ಕಾರವಾರದ ಬೈತಖೋಲ ಬಂದರಿನಲ್ಲಿ ಖಾಲಿ ನಿಂತಿರುತ್ತದೆ ನಿಜ, ಆದರೆ ಮಳೆ ಬಿಟ್ಟು ಹೊಳವಾದ ದಿನಕ್ಕೆ ಕಾಯಬೇಕಾಗುತ್ತದೆ. ಮೇ ಕೊನೆಯ ವಾರವೇ ವಾಸಿ.

ಅಪಾಯದಲ್ಲಿ ಸಹಾಯ ಕೇಳುವ ಬಟನ್ ಬೇರೆಯಾಗಿದ್ದರೆ ತಾಂಡೇಲನ (ಬೋಟ್ ನಡೆಸುವವನ) ಕೈಗೆ ಕತ್ತಲಲ್ಲೂ ಎಟುಕುವಂತೆ, ಆದರೆ ಮೊಣಕೈ ತಾಗಿ ಒತ್ತಿಹೋಗದಂತೆ ಇಡಿ. ಎಲ್ಲ ಖಲಾಸಿಗಳಿಗೂ ತೋರಿಸಿ. ಆದರೆ ಪರೀಕ್ಷೆಗೆಂದು ಅದನ್ನು ಒತ್ತಬೇಡಿ, ಮಾಮೂಲಿ ಮೆಸೇಜ್ ಕಳಿಸಿ ನೋಡಿದರೆ ಸಾಕು.

ಬಂದರಿನಿಂದ ಹೊರಗೆ ಬಂದ ಮೇಲೆ ಬೋಟನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ನಾಲ್ಕೂ ದಿಕ್ಕಿಗೆ ಮುಖಮಾಡಿ ಒಂದೊಂದು ಮೆಸೇಜ್ ಕಳಿಸಿ. ಮೂರು ಹೋಗಿ ಒಂದು ನಿಂತರೆ ಉಪಕರಣ ಕೆಟ್ಟಿಲ್ಲ, ಆ ಮುಖದಲ್ಲಿ ಕಂಬ ಅಡ್ಡ ಬಂದಿದೆ.